ಕಾಕಾನ ತಿಂಗಳ ಸೂಜಿ

ಸೂಜಿ ಮಾಡಿಸಿಕೊಂಡ ಜಾಗ ತಿಕ್ಕಬಾರದು ಅಂತ ನರ್ಸಮ್ಮ ಹೇಳಿದ ದಿನ ನಮ್ಮ ಆಯಿಗೆ ಭಾಳ ಸಿಟ್ಟು ಬಂದಿತ್ತು. ನಮ್ಮ ಕಡೆ ಸೂಜಿ ಅಂದರೆ ತಿಕ್ಕುವುದು. ಹತ್ತಿ ಹಿಡಿದು ಗರಗರ ತಿಕ್ಕಬೇಕು, ಮನೆಗೆ ಬಂದು ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಡಬೇಕು. ಆಗಲೇ ಔಷಧಿ ಮೈಯೆಲ್ಲ ಹರಿಯುತ್ತದೆ ಅಂತ ನಂಬಿಕೆ. ಹುಮನಾಬಾದಿನ ದವಾಖಾನೆಯಿಂದ ಬಸ್ ಸ್ಟ್ಯಾಂಡಿಗೆ ಬರುವ ತನಕ ಆಯಿ ಗೊಣಗುತ್ತಲೇ ಇದ್ದಳು. "ಇಷ್ಟ ದಪ್ಪ ಸೂಜಿ ಚುಚ್ಚಿ ತಿಕ್ಕಬ್ಯಾಡ ಅಂತಾಳ. ಅಲ್ಲೇ ಗಂಟು ಕಟ್ಟಿ ಕುಂತರ ಏನ್ ಮಾಡ್ಬೇಕು?"

ಅಲ್ಲೇ ಕೂರಲಿ ಅಂತಲೇ ಆ ಸೂಜಿ ಕೊಡುವುದು. ಇದು ನನಗೆ ಅರ್ಥ ಆಗುವುದಕ್ಕೆ ಮಾತ್ರ ಬಹಳ ವರ್ಷ ಬೇಕಾಯಿತು.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪುಣೆಯ ಕೆಲಸ ಬಿಟ್ಟು ಊರಿಗೆ ಬಂದ. ಬಂದವನು ಮೊದಲಿನಂತೆ ಇರಲಿಲ್ಲ. ರಾತ್ರಿ ಮಲಗುತ್ತಿರಲಿಲ್ಲ. ಬಾವಿಯ ಮೋಟರ್ ಶುರುವಾದರೆ ಅದರೊಳಗೆ ಯಾರೋ ತನ್ನ ಹೆಸರು ಕೂಗುತ್ತಾರೆ ಅನ್ನುತ್ತಿದ್ದ. ಅವ್ವ ಕೊಟ್ಟ ರೊಟ್ಟಿಯನ್ನು ಮೊದಲು ನಾಯಿಗೆ ಹಾಕಿ, ನಾಯಿಗೆ ಏನೂ ಆಗಲಿಲ್ಲ ಅಂತ ನೋಡಿಕೊಂಡು ಆಮೇಲೆ ತಿನ್ನುತ್ತಿದ್ದ. ಗಾಣಗಾಪುರಕ್ಕೆ ಕರೆದುಕೊಂಡು ಹೋದರು, ಎರಡು ಹುಣ್ಣಿಮೆ ಅಲ್ಲೇ ಇದ್ದರು. ಹೋದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆಯಿಗೆ ಅಲ್ಲಿ ಧೈರ್ಯ ಸಿಕ್ಕಿತು. ಕಾಕಾನಿಗೆ ನಿದ್ದೆ ಸಿಗಲಿಲ್ಲ, ಅಷ್ಟೇ.

ಕೊನೆಗೆ ಮನೋವೈದ್ಯರು ಸ್ಕಿಜೋಫ್ರೇನಿಯಾ ಅಂದರು. ಗುಳಿಗೆ ಶುರುವಾದವು. ದಿನಾ ಎರಡು ಹೊತ್ತು ಆಯಿ ಎದುರಿಗೆ ಕೂತು ನುಂಗಿಸುತ್ತಿದ್ದಳು. ಆದರೂ ಕಾಕಾ ಸುಧಾರಿಸಲಿಲ್ಲ. ಆರು ತಿಂಗಳಾದ ಮೇಲೆ ಅವ್ವ ದನದ ಕೊಟ್ಟಿಗೆಯ ಗೋಡೆ ಮೆತ್ತಲು ಹೋದಾಗ ಕಲ್ಲಿನ ಸಂದಿಯಲ್ಲಿ ಗುಳಿಗೆಗಳು ಸಿಕ್ಕವು. ಎಣಿಸಿದೆವು. 41 ಇದ್ದವು. ನಾಲಿಗೆ ಕೆಳಗೆ ಇಟ್ಟುಕೊಂಡು ಕೊಟ್ಟಿಗೆಗೆ ಹೋಗಿ ಉಗುಳುತ್ತಿದ್ದ. ಸಿಕ್ಕಿದ್ದು 41, ದನದ ಸಗಣಿಯಲ್ಲಿ ಹೋದವು ಎಷ್ಟೋ.

ಆ ಮೇಲೆ ಡಾಕ್ಟರು ತಿಂಗಳ ಸೂಜಿಯ ಮಾತು ಎತ್ತಿದರು. ಕಾಕಾನ ಕಾಯಿಲೆ ಸ್ವಲ್ಪ ಇಳಿದ ಒಂದು ದಿನ ಅವನಿಗೇ ಕೇಳಿದರು. "ದಿನಾ ಎರಡು ಸಲ ನಿನ್ನ ಅವ್ವನ ಜೋಡಿ ಜಗಳ ಮಾಡ್ತಿ, ಇಲ್ಲಾ ತಿಂಗಳಿಗೊಮ್ಮೆ ಸೂಜಿ ಮಾಡಿಸ್ಕೊಂತಿ?" ಕಾಕಾ ಬಹಳ ಹೊತ್ತು ನೆಲ ನೋಡಿ, "ಸೂಜಿ ಆಗ್ಲಿ" ಅಂದ. ಅವನು ತನ್ನ ಬಾಯಿಂದಲೇ ಒಪ್ಪಿದ ಮೊದಲ ಔಷಧಿ ಅದು.

ಆ ಔಷಧಿಯ ಹೆಸರು ಫ್ಲುಫೆನಜಿನ್ ಡೆಕನೊಯೇಟ್. ಸಣ್ಣ ಗಾಜಿನ ಶೀಸೆ, ಒಳಗೆ ತಿಳಿ ಹಳದಿ ಬಣ್ಣದ ಜಿಡ್ಡು. ನಾನು ಪಿಯುಸಿಯಲ್ಲಿದ್ದಾಗ ಒಮ್ಮೆ ಡಬ್ಬಿ ಮೇಲಿನ ಸಣ್ಣಕ್ಷರ ಓದಿದೆ. ಔಷಧಿಯನ್ನು ಎಳ್ಳೆಣ್ಣೆಯಲ್ಲಿ ಕರಗಿಸಿದ್ದಾರೆ ಅಂತಿತ್ತು. ಬಸ್ಸಿನಲ್ಲಿ ಆಯಿಗೆ ಹೇಳಿದೆ. ಅವಳು ನಂಬಲಿಲ್ಲ, ಇನ್ನೊಮ್ಮೆ ಓದಿಸಿದಳು. ಆಮೇಲೆ ಸೂಜಿಯ ಬಗ್ಗೆ ಅವಳ ಸಿಟ್ಟು ಇಳಿಯಿತು. ಎಳ್ಳಮಾಸೆಗೆ ಹೊಲಕ್ಕೆ ಹೋಗಿ ಭಜ್ಜಿ, ರೊಟ್ಟಿ ಇಟ್ಟು ಚರಗ ಚೆಲ್ಲುವ ಹೆಣ್ಣುಮಗಳು ಆಕೆ. ಎಳ್ಳೆಣ್ಣೆ ಅಂದ ಮೇಲೆ ಅದು ಕಂಪನಿಯದಾದರೂ ಮನೆಯದೇ. "ಎಣ್ಣಿ ಅಂದ್ರ ಮತ್ತ, ಸಾವಕಾಶ ಇಳೀತದ" ಅಂದಳು.

ಸರಿಯಾಗಿಯೇ ಹೇಳಿದ್ದಳು. ವಿಜ್ಞಾನಿಗಳು 1960ರ ದಶಕದಲ್ಲಿ ಮಾಡಿದ ಉಪಾಯವೂ ಅದೇ. ಔಷಧಿಯ ಕಣಕ್ಕೆ ಡೆಕನೊಯಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲದ ಬಾಲ ಕಟ್ಟಿದರು. ಆಡಿನ ಹಾಲಿನಲ್ಲೂ ತೆಂಗಿನೆಣ್ಣೆಯಲ್ಲೂ ಇರುವ ವಸ್ತುವೇ ಅದು. ಬಾಲ ಬಂದ ಮೇಲೆ ಔಷಧಿಗೆ ನೀರು ಸೇರುವುದಿಲ್ಲ, ಎಣ್ಣೆ ಸೇರುತ್ತದೆ. ಎಣ್ಣೆಯಲ್ಲಿ ಕರಗಿಸಿ ಕುಂಡಿಯ ಮಾಂಸಖಂಡಕ್ಕೆ ಚುಚ್ಚಿದರೆ ಅಲ್ಲೇ ಒಂದು ಎಣ್ಣೆಯ ಬೊಟ್ಟಾಗಿ ಕೂರುತ್ತದೆ. ಅದರಿಂದ ಚೂರುಚೂರೇ ಹೊರಬರುತ್ತದೆ. ಹೊರಬಂದ ಕೂಡಲೇ ಮೈಯೊಳಗಿನ ಕಿಣ್ವಗಳು ಬಾಲ ಕತ್ತರಿಸುತ್ತವೆ, ಔಷಧಿ ಮಿದುಳಿಗೆ ಹೋಗಿ ಕೆಲಸ ಮಾಡುತ್ತದೆ. ಒಮ್ಮೆ ಚುಚ್ಚಿದರೆ ಎರಡರಿಂದ ನಾಲ್ಕು ವಾರ ನಡೆಯುತ್ತದೆ. ತಿಕ್ಕಿದರೆ, ಬಿಸಿ ಶಾಖ ಕೊಟ್ಟರೆ ಬೊಟ್ಟು ಒಡೆದು ಬೇಗ ಖಾಲಿಯಾಗಬಹುದು. ನರ್ಸಮ್ಮ ಚುಚ್ಚುವ ಮೊದಲು ಚರ್ಮವನ್ನು ಒಂದು ಕಡೆಗೆ ಎಳೆದು ಹಿಡಿಯುತ್ತಿದ್ದುದೂ ಇದಕ್ಕೇ. ಸೂಜಿ ತೆಗೆದು ಚರ್ಮ ಬಿಟ್ಟರೆ ತೂತು ಮುಚ್ಚಿಕೊಂಡು ಎಣ್ಣೆ ವಾಪಸ್ ಸೋರುವುದಿಲ್ಲ.

ರೈತರಿಗೆ ಇದು ಹೊಸದಲ್ಲ. 2015ರಿಂದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪನ ಕಡ್ಡಾಯ ಮಾಡಿದ್ದು ಯಾಕೆ? ಗೊಬ್ಬರ ಒಂದೇ ಮಳೆಗೆ ಕರಗಿ ಹೋಗದೆ ಬೆಳೆಗೆ ನಿಧಾನಕ್ಕೆ ಸಿಗಲಿ ಅಂತ. ಎತ್ತಿಗೆ ಜ್ವರ ಬಂದರೆ ದನದ ಡಾಕ್ಟರು ಹಾಕುವ "ಎಲ್ಎ" ಇಂಜೆಕ್ಷನ್ನಿನ ಎಲ್ಎ ಅಂದರೂ ಬಹಳ ದಿನ ಕೆಲಸ ಮಾಡುವುದು ಅಂತಲೇ. ಸರ್ಕಾರಿ ದವಾಖಾನೆಗಳಲ್ಲಿ 2017ರಿಂದ ಉಚಿತವಾಗಿ ಕೊಡುತ್ತಿರುವ ಅಂತರ ಇಂಜೆಕ್ಷನ್, ಮೂರು ತಿಂಗಳಿಗೊಮ್ಮೆ ಹೆಣ್ಣುಮಕ್ಕಳು ತಗೊಳ್ಳುವುದು, ಅದೂ ಇದೇ ಜಾತಿಯದು. ಅದನ್ನೂ ತಿಕ್ಕಬಾರದು. ಈ ಒಂದು ಮಾತನ್ನಾದರೂ ಮನೆಯ ಹೆಣ್ಣುಮಕ್ಕಳಿಗೆ ಹೇಳಿಬಿಡಿ.

ಸೂಜಿ ಶುರುವಾಗಿ ನಾಲ್ಕು ತಿಂಗಳಿಗೆ ಕಾಕಾ ಮತ್ತೆ ಹೊಲಕ್ಕೆ ಹೋದ. ತೊಗರಿ ರಾಶಿ ಮಾಡಿದ. ಮೋಟರಿನಲ್ಲಿ ಕೂಗು ನಿಂತಿತಾ ಅಂತ ಕೇಳಿದರೆ, "ಕೂಗ್ತದ, ಆದ್ರ ದೂರ ಹೋಗ್ಯದ" ಅಂದ. ಕಷ್ಟವೂ ಇತ್ತು. ಸೂಜಿ ಆದ ಮೊದಲ ವಾರ ಕೈ ನಡುಗುತ್ತಿತ್ತು, ಮುಖ ಬಿಗಿಯುತ್ತಿತ್ತು, ಚಹಾದ ಕಪ್ಪು ಹಿಡಿದರೆ ಬಶಿಗೆ ಚೆಲ್ಲುತ್ತಿತ್ತು. ಅದಕ್ಕೆ ಬೇರೆ ಗುಳಿಗೆ ಕೊಟ್ಟರು. ನಾಲ್ಕನೇ ವಾರದ ಹೊತ್ತಿಗೆ ಮಾತು ಕಡಿಮೆಯಾಗಿ, ನಿದ್ದೆ ತೆಳುವಾಗುತ್ತಿತ್ತು. ಎಣ್ಣೆ ಸೂಜಿಯ ಗುಣವೇ ಅದು: ಶುರುವಿನಲ್ಲಿ ಜಾಸ್ತಿ, ಕೊನೆಗೆ ಕಮ್ಮಿ. ಇನ್ನೊಂದು ದೊಡ್ಡ ತೊಂದರೆ ಅಂದರೆ, ಒಮ್ಮೆ ಒಳಗೆ ಹೋದದ್ದನ್ನು ಹೊರಗೆ ತೆಗೆಯಲು ಬರುವುದಿಲ್ಲ. ಗುಳಿಗೆಯಾದರೆ ನಾಳೆಯಿಂದ ಬಿಡಬಹುದು. ಸೂಜಿ ಒಗ್ಗದಿದ್ದರೆ ಅದು ಮುಗಿಯುವ ತನಕ ಅನುಭವಿಸಬೇಕು. ಅದಕ್ಕೇ ಡಾಕ್ಟರು ಕಾಕಾನನ್ನು ಕೇಳಿದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತನಗೆ ಮುಂದೆ ಹುಷಾರಿಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಹಕ್ಕು ಕೂಡ ಇದೆ. ನಮಗೆ ಆಗ ಅದು ಗೊತ್ತಿರಲಿಲ್ಲ.

ಈಗ 2020ರ ಮಾತು ಹೇಳಬೇಕು. ಹೇಳದಿದ್ದರೆ ಈ ಬರಹಕ್ಕೆ ಅರ್ಥ ಇಲ್ಲ.

ನಾನು ಪತ್ರಿಕೋದ್ಯಮ ಮುಗಿಸಿ ಬೆಂಗಳೂರಿನಲ್ಲಿದ್ದೆ. ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗುವ ಎರಡು ದಿನ ಮೊದಲು ಊರಿಗೆ ಬಂದು ಬಿದ್ದೆ. ಕಾಕಾನ ಮಾರ್ಚ್ ಸೂಜಿ ಆಗಿತ್ತು. ಏಪ್ರಿಲ್ ಸೂಜಿಯ ದಿನ ಬಸ್ ಇರಲಿಲ್ಲ. ಬೈಕಿನಲ್ಲಿ ಹೋಗಬಹುದಿತ್ತು, ಚೀಟಿ ತೋರಿಸಿದ್ದರೆ ಪೊಲೀಸರು ಬಿಡುತ್ತಿದ್ದರು. ಆದರೆ ಅಪ್ಪ, "ಅಂವಾ ಚಲೋನೇ ಇದ್ದಾನ, ಮುಂದಿನ ತಿಂಗಳಾ ನೋಡೋಣ" ಅಂದ. ನಾನೂ ಹೂಂ ಅಂದೆ. ಏಪ್ರಿಲ್ ಮುಗಿಯಿತು, ಏನೂ ಆಗಲಿಲ್ಲ. ಕಾಕಾನ ಕೈ ನಡುಕ ನಿಂತಿತು, ಮುಖ ಸಡಿಲಾಯಿತು, ನಗುತ್ತಿದ್ದ. ಸೂಜಿ ಇಲ್ಲದೇ ಮೊದಲಿಗಿಂತ ಚೆನ್ನಾಗಿದ್ದಾನೆ ಅಂತ ನಮಗೆಲ್ಲ ಅನಿಸಿತು. ಈ ಔಷಧಿಯ ಮೋಸ ಇಲ್ಲೇ ಇದೆ. ಮೈಯಲ್ಲಿ ಹಳೆಯ ತಿಂಗಳುಗಳ ಉಳಿಕೆ ಇನ್ನೂ ಇಳಿಯುತ್ತಿರುತ್ತದೆ. ಸೂಜಿ ತಪ್ಪಿದ ದಿನ ಕೆಡುವುದಿಲ್ಲ, ತಪ್ಪಿದ್ದು ಮರೆತುಹೋದ ಮೇಲೆ ಕೆಡುತ್ತದೆ. ಮೇ ಸೂಜಿಯನ್ನು ನಾವು ಮಾತಿಗೂ ಎತ್ತಲಿಲ್ಲ.

ಆ ದಿನಗಳಲ್ಲಿ ಮುಂಬೈ, ಪುಣೆ ಕಡೆಯಿಂದ ಕೂಲಿಕಾರರು ಹೆದ್ದಾರಿಯಲ್ಲಿ ನಡೆದುಕೊಂಡು ಬರುತ್ತಿದ್ದರು. ನಾನು ದಿನಾ ಬೆಳಿಗ್ಗೆ ಸಸ್ತಾಪುರ ಬಂಗ್ಲಾಕ್ಕೆ ಹೋಗಿ ಅವರ ಫೋಟೊ ತೆಗೆದು, ಮಾತಾಡಿಸಿ, ಮೊಬೈಲಿನಲ್ಲೇ ಬರೆದು ಬೆಂಗಳೂರಿಗೆ ಕಳಿಸುತ್ತಿದ್ದೆ. ಯಾರ ಕಾಲಿನಲ್ಲಿ ಎಷ್ಟು ಗುಳ್ಳೆ ಎದ್ದಿವೆ ಅಂತ ಬರೆದವನಿಗೆ ಮನೆಯಲ್ಲಿ ಕಾಕಾ ರಾತ್ರಿ ಮಲಗುತ್ತಿಲ್ಲ ಅನ್ನುವುದು ಕಾಣಲಿಲ್ಲ. ಮೇ ಕೊನೆಗೆ ಒಂದು ಮುಂಜಾನೆ ಕಾಕಾ ಹಾಸಿಗೆಯಲ್ಲಿ ಇರಲಿಲ್ಲ.

ಎರಡು ದಿನ ಹುಡುಕಿದೆವು. ಬಾವಿ ನೋಡಿದೆವು. ಬಾವಿಗೆ ಬ್ಯಾಟರಿ ಬಿಟ್ಟು ನೋಡುವಾಗ ಅಪ್ಪನ ಕೈ ನಡುಗುತ್ತಿದ್ದುದು ನನಗೆ ಇನ್ನೂ ಕಾಣುತ್ತದೆ. ಮೂರನೇ ದಿನ ಹುಮನಾಬಾದ್ ಹತ್ತಿರದ ಧಾಬಾದವರೊಬ್ಬರು ಫೋನ್ ಮಾಡಿದರು. ಕಾಕಾ ನಡೆಯುವವರ ಗುಂಪೊಂದರ ಹಿಂದೆ ಹೆದ್ದಾರಿ ಹಿಡಿದು, ರಾಜೇಶ್ವರ ದಾಟಿ ಅಲ್ಲಿಯ ತನಕ ನಡೆದಿದ್ದ. ಗುಂಪಿನವರು ತಮ್ಮ ಬಿಸ್ಕೀಟಿನಲ್ಲಿ ಅವನಿಗೂ ಪಾಲು ಕೊಟ್ಟಿದ್ದರು, ಯಾರು ಏನು ಅಂತ ಕೇಳದೆ. ಅಂಗಿ ಜೇಬಿನಲ್ಲಿ ದವಾಖಾನೆಯ ಚೀಟಿ ಇತ್ತು, ಅದರ ಮೇಲೆ ಅಪ್ಪನ ನಂಬರ್. ಚೀಟಿಯಲ್ಲಿ ಸೂಜಿ ಆದ ತಿಂಗಳುಗಳಿಗೆ ಸಹಿ ಹಾಕುವ ಮನೆಗಳಿರುತ್ತವೆ. ಮಾರ್ಚ್ ಆದ ಮೇಲಿನ ಎರಡು ಮನೆ ಖಾಲಿ.

ನಾವು ಹೋದಾಗ ಕಾಕಾ ಹುಣಸೆ ಮರದ ಕೆಳಗೆ ಕೂತಿದ್ದ. ಚಪ್ಪಲಿ ಇರಲಿಲ್ಲ. ನನ್ನನ್ನು ನೋಡಿ, "ಇವರೆಲ್ಲಾ ಮನೀಗಿ ಹೊಂಟಾರ, ನಾನೂ ಹೊಂಟೀನಿ" ಅಂದ.

ಮೊದಲಿನ ಸ್ಥಿತಿಗೆ ಬರಲು ಅವನಿಗೆ ಒಂದು ವರ್ಷ ಹಿಡಿಯಿತು.

ಅಂದಿನಿಂದ ನಾನು ಈ ಸೂಜಿಗಳ ಹಿಂದೆ ಬಿದ್ದಿದ್ದೇನೆ. ಒಂದೇ ಸಲ ಚುಚ್ಚಿದರೆ ಮೂರು ತಿಂಗಳು, ಆರು ತಿಂಗಳು ಸಮನಾಗಿ ಔಷಧಿ ಬಿಡುವ ದಾರಿ ಇದೆಯಾ ಅಂತ ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕ ಡಾಕ್ಟರಿಗೆಲ್ಲ ಕೇಳಿದೆ. ಎಣ್ಣೆಯ ಮುಂದಿನ ಹೆಜ್ಜೆ ಜೆಲ್ ಅಂತ ಗೊತ್ತಾಯಿತು.

ಜೆಲ್ ಅಂದರೆ ಏನು ಅಂತ ನೋಡಬೇಕಾದರೆ ಕಾಮಕಸ್ತೂರಿ ಬೀಜ ನೀರಿಗೆ ಹಾಕಿ. ಹತ್ತು ನಿಮಿಷಕ್ಕೆ ಬೀಜದ ಸುತ್ತ ಲೋಳೆ ಕಟ್ಟುತ್ತದೆ. ಅದರಲ್ಲಿ ಹೆಚ್ಚಿನಂಶ ನೀರೇ, ಆದರೆ ಹರಿಯುವುದಿಲ್ಲ. ಒಳಗೆ ಕಣ್ಣಿಗೆ ಕಾಣದ ನೂಲಿನ ಬಲೆ ನೀರನ್ನು ಹಿಡಿದಿಟ್ಟಿರುತ್ತದೆ. ಆ ಬಲೆಯಲ್ಲಿ ಔಷಧಿಯನ್ನೂ ಹಿಡಿದಿಡಬಹುದು. ತೊಡಕು ಏನೆಂದರೆ ಲೋಳೆಯನ್ನು ಸೂಜಿಯಲ್ಲಿ ತಳ್ಳಲು ಆಗುವುದಿಲ್ಲ. ಸೂಜಿಯಲ್ಲಿರುವಾಗ ನೀರಾಗಿರಬೇಕು, ಮೈಯೊಳಗೆ ಹೋದ ಮೇಲೆ ಗಟ್ಟಿಯಾಗಬೇಕು. ಇದಕ್ಕೆ ವಿಜ್ಞಾನಿಗಳು ಹಲವು ಯುಕ್ತಿ ಹುಡುಕಿದ್ದಾರೆ. ಒಂದು ಬಗೆಯ ದ್ರವ ತುಪ್ಪದ ಉಲ್ಟಾ. ತುಪ್ಪ ತಣ್ಣಗಾದರೆ ಗಟ್ಟಿ, ಕಾದರೆ ನೀರು. ಇದು ಫ್ರಿಜ್ಜಿನಲ್ಲಿ ನೀರು, ಮೈಯ ಬಿಸಿ ತಾಗಿದರೆ ಗಟ್ಟಿ. ಇನ್ನೊಂದು ಬಗೆಯಲ್ಲಿ, ಕರಗಿ ಹೋಗುವ ಹೊಲಿಗೆ ದಾರ ಇರುತ್ತದಲ್ಲ, ಆಪರೇಷನ್ ಆದ ಮೇಲೆ ಬಿಚ್ಚಬೇಕಾಗಿಲ್ಲದ್ದು, ಅದೇ ಬಗೆಯ ವಸ್ತುವನ್ನು ಒಂದು ದ್ರಾವಕದಲ್ಲಿ ಕರಗಿಸಿ ಔಷಧಿ ಸೇರಿಸಿ ಚರ್ಮದ ಕೆಳಗೆ ಬಿಡುತ್ತಾರೆ. ಮೈಯ ನೀರು ತಾಗಿದ ಕೂಡಲೇ ಅದು ಗಟ್ಟಿಯಾಗಿ ಸಣ್ಣ ಗಂಟಾಗುತ್ತದೆ. ಆಯಿ ಹೆದರಿದ ಅದೇ ಗಂಟು. ವಾರ ತಿಂಗಳು ಕಳೆದಂತೆ ಸವೆಯುತ್ತ ಔಷಧಿ ಬಿಡುತ್ತದೆ. ಸವೆದದ್ದು ಲ್ಯಾಕ್ಟಿಕ್ ಆಮ್ಲ ಮತ್ತು ಅದರ ತಮ್ಮನಂಥ ಇನ್ನೊಂದು ಆಮ್ಲವಾಗಿ ಮೈಯಿಂದ ಹೊರಗೆ ಹೋಗುತ್ತದೆ. ಲ್ಯಾಕ್ಟಿಕ್ ಆಮ್ಲ ಅಂದರೆ ನಮ್ಮ ಮೊಸರಿನ ಹುಳಿ.

ಇದು ಬರೀ ಪುಸ್ತಕದ ಮಾತಲ್ಲ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಕೊಡುವ ಲ್ಯೂಪ್ರೊಲೈಡ್ ಅನ್ನುವ ಔಷಧಿ ಈ ರೂಪದಲ್ಲಿ 2002ರಲ್ಲೇ ಅಮೆರಿಕದಲ್ಲಿ ಬಂತು. ಈಗ ಆರು ತಿಂಗಳಿಗೊಂದು ಸೂಜಿ ಸಾಕಾಗುವ ಡೋಸೂ ಇದೆ. ಕಾಕಾನಂಥವರಿಗೆ ಕೊಡುವ ರಿಸ್ಪೆರಿಡೋನ್ ಔಷಧಿಗೂ ಹೊಟ್ಟೆಯ ಚರ್ಮದ ಕೆಳಗೆ ತಿಂಗಳಿಗೊಮ್ಮೆ ಹಾಕುವ ಇಂಥ ಸೂಜಿಗೆ ಅಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಸುಳ್ಳೇಕೆ.

ಇದರಲ್ಲೂ ಅಪಾಯ ಇದೆ. ಚುಚ್ಚಿದ ಮೊದಲ ದಿನವೇ ಬೇಕಾದ್ದಕ್ಕಿಂತ ಹೆಚ್ಚು ಔಷಧಿ ನುಗ್ಗಿ ಬರುವುದು ಹಳೆಯ ತಲೆನೋವು. ಅಫೀಮು ಜಾತಿಯ ಮಾದಕ ವಸ್ತುಗಳ ಚಟ ಬಿಡಿಸಲು ಬುಪ್ರೆನಾರ್ಫಿನ್ ಔಷಧಿಯ ತಿಂಗಳ ಸೂಜಿ ಇದೇ ರೀತಿ ಮಾಡಿದ್ದಾರೆ. ಅದು ತಪ್ಪಿ ರಕ್ತನಾಳಕ್ಕೆ ಹೋದರೆ ಅಲ್ಲೇ ಗಟ್ಟಿಯಾಗಿ ಜೀವಕ್ಕೇ ಬರುತ್ತದೆ, ಹಾಗಾಗಿ ಅದನ್ನು ರೋಗಿಯ ಕೈಗೆ ಕೊಡುವುದೇ ಇಲ್ಲ. ಒಂದು ಒಳ್ಳೆಯ ಮಾತೂ ಅದರಲ್ಲಿದೆ. ಒಗ್ಗದಿದ್ದರೆ ಮೊದಲ 14 ದಿನದೊಳಗೆ ಸಣ್ಣ ಆಪರೇಷನ್ ಮಾಡಿ ಗಂಟನ್ನು ತೆಗೆಯಬಹುದು. ಎಣ್ಣೆಯಲ್ಲಿ ಆಗದಿದ್ದ ಕೆಲಸ ಇದು.

ನಮ್ಮ ರಾಜ್ಯದ ಕೈಯೂ ಈ ಕೆಲಸದಲ್ಲಿದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿ ಪ್ರವೀಣ್ ಕುಮಾರ್ ವೇಮುಲ ಅವರು ಸ್ವಿಟ್ಜರ್‌ಲೆಂಡ್ ಮತ್ತು ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ 2014ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಇಲಿಯ ಕಾಲನ್ನು ಇನ್ನೊಂದು ಇಲಿಗೆ ಜೋಡಿಸಿದರೆ ಮೈ ಅದನ್ನು ಪರಕೀಯ ಅಂತ ತಿರಸ್ಕರಿಸುತ್ತದೆ. ಅದನ್ನು ತಡೆಯುವ ಔಷಧಿಯನ್ನು ಜೆಲ್ಲಿನಲ್ಲಿ ಸೇರಿಸಿ ಆ ಕಾಲಿಗೇ ಒಂದು ಸಲ ಚುಚ್ಚಿದರು. ಜೋಡಿಸಿದ ಕಾಲು 100 ದಿನಕ್ಕೂ ಹೆಚ್ಚು ಉಳಿಯಿತು. ಆ ಜೆಲ್ಲಿನ ಚಮತ್ಕಾರ ಅಂದರೆ, ಅದು ಗಡಿಯಾರ ನೋಡಿ ಔಷಧಿ ಬಿಡುವುದಿಲ್ಲ. ತಿರಸ್ಕಾರ ಶುರುವಾಗಿ ಉರಿಯೂತ ಎದ್ದರೆ ಅಲ್ಲಿ ಕೆಲವು ಕಿಣ್ವಗಳು ಹೆಚ್ಚುತ್ತವೆ. ಆ ಕಿಣ್ವಗಳು ಜೆಲ್ಲನ್ನು ಕತ್ತರಿಸುತ್ತವೆ, ಔಷಧಿ ಹೊರಬರುತ್ತದೆ. ಉರಿ ಇಳಿದರೆ ಜೆಲ್ ಸುಮ್ಮನಾಗುತ್ತದೆ. ಹೊಲದಲ್ಲಿ ಕೀಟ ನಾಶಕ ಸಿಂಪಡಿಸುವವರಿಗೆ ಚರ್ಮದ ಮೂಲಕ ವಿಷ ಏರದಂತೆ ಹಚ್ಚಿಕೊಳ್ಳುವ ಜೆಲ್ ಒಂದನ್ನೂ ಇದೇ ವಿಜ್ಞಾನಿಯ ತಂಡ 2018ರಲ್ಲಿ ಪ್ರಕಟಿಸಿತ್ತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ತೊಗರಿಗೆ ಎಣ್ಣೆ ಹೊಡೆಯುವ ಊರಿನವನಾಗಿ ಬರೆಯಲೇಬೇಕು.

ಇನ್ನು ಜೀನ್. ಊರಿನ ಹುಡುಗನೊಬ್ಬ ವಾಟ್ಸಪ್ಪಿನಲ್ಲಿ ಬಂದ ಮೆಸೇಜ್ ತೋರಿಸಿ, "ಜೀನ್ ಸೂಜಿಲಿಂದ ತಲಿ ಕೆಟ್ಟವ್ರೂ ನೆಟ್ಟಗಾಗ್ತಾರಂತ, ನಿಮ್ಮ ಕಾಕಾಗ ಹಾಕ್ಸ್ರಿ" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಜೀನ್ ಅಂದರೆ ಮೈಯ ಕಣಗಳಿಗೆ ಇಂಥ ವಸ್ತು ಮಾಡು ಅಂತ ಹೇಳುವ ಬರಹ. ಅದನ್ನು ಹೊರಗಿನಿಂದ ಕಳಿಸುವುದು ಆಗದ ಮಾತಲ್ಲ. ನಮ್ಮಲ್ಲಿ ಬಹಳ ಜನ ಅದನ್ನು ತಗೊಂಡೇ ಇದ್ದೇವೆ. ಕೋವಿಶೀಲ್ಡ್ ಲಸಿಕೆಯಲ್ಲಿ ಇದ್ದದ್ದು ಬೆಳೆಯದಂತೆ ಮಾಡಿದ ಒಂದು ನೆಗಡಿ ಜಾತಿಯ ವೈರಸ್, ಅದರ ಹೊಟ್ಟೆಯಲ್ಲಿ ಕೊರೊನಾದ ಮುಳ್ಳಿನ ಜೀನ್. ನಮ್ಮ ತೋಳಿನ ಕಣಗಳು ಅದನ್ನು ಓದಿ ಕೆಲ ದಿನ ಮುಳ್ಳು ತಯಾರಿಸಿದವು, ಮೈ ಅದನ್ನು ಗುರುತು ಹಿಡಿದು ಹೋರಾಡಲು ಕಲಿಯಿತು.

ಎಣ್ಣೆಯಲ್ಲಿ ಜೀನ್ ಕರಗುವುದಿಲ್ಲ. ಜೆಲ್ಲಿನಲ್ಲಿ ನೀರಿರುವುದರಿಂದ ಜೀನ್ ಹೊತ್ತ ವೈರಸ್ಸನ್ನು ಅದರೊಳಗೆ ಇಡಬಹುದು, ಬೇಕಾದ ಜಾಗದಲ್ಲೇ ನಿಲ್ಲಿಸಬಹುದು. ಹುಟ್ಟಿನಿಂದಲೇ ಮುಟ್ಟಿದರೆ ಚರ್ಮ ಕಿತ್ತು ಬರುವ ಒಂದು ಕಾಯಿಲೆ ಇದೆ. ಆ ಮಕ್ಕಳ ಗಾಯಕ್ಕೆ ಹಚ್ಚುವ ಜೀನ್ ತುಂಬಿದ ಜೆಲ್ಲಿಗೆ ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು. ಅದು ಚುಚ್ಚುವುದಲ್ಲ, ವಾರಕ್ಕೊಮ್ಮೆ ಗಾಯದ ಮೇಲೆ ಹನಿಹನಿಯಾಗಿ ಬಿಡುವುದು. ಖರ್ಚು ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿ. ಮೈಯೊಳಗೆ ಚುಚ್ಚಿ ಜೀನ್ ಬಿಡುವ ಜೆಲ್ಲುಗಳಲ್ಲಿ ಹೆಚ್ಚಿನವು ಇನ್ನೂ ಪ್ರಯೋಗಾಲಯದ ಇಲಿ ಮೊಲಗಳ ಹಂತದಲ್ಲಿವೆ. ಆ ಚರ್ಮದ ಕಾಯಿಲೆಯಲ್ಲಿ ಕೆಟ್ಟಿರುವುದು ಒಂದೇ ಜೀನ್. ಕಾಕಾನ ಕಾಯಿಲೆ ಹಾಗಲ್ಲ, ಅದರ ಹಿಂದೆ ನೂರಾರು ಜೀನ್‌ಗಳ ಸಣ್ಣ ಸಣ್ಣ ಪಾಲು, ಬದುಕಿನ ಪೆಟ್ಟುಗಳ ಪಾಲು ಎರಡೂ ಇವೆ. ಒಂದು ಬರಹ ತಿದ್ದಿದರೆ ಸರಿಹೋಗುವಂಥದ್ದಲ್ಲ. ಯಾರಾದರೂ ಜೀನ್ ಸೂಜಿ ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಹಾಗಾಗಿ ನಮ್ಮ ಕಾಕಾನಿಗೆ ಸದ್ಯಕ್ಕೆ ಎಳ್ಳೆಣ್ಣೆಯೇ ಗತಿ. ಅದನ್ನು ಹಗುರವಾಗಿ ನೋಡುವ ಹಾಗೂ ಇಲ್ಲ. ಒಂದು ಕಾಲದಲ್ಲಿ ಈ ಸೂಜಿಗೂ ದೊಡ್ಡ ಊರಿಗೇ ಹೋಗಬೇಕಿತ್ತು. ಮಾನಸಿಕ ಕಾಯಿಲೆಗೆ ಹಳ್ಳಿಗೆ ಹತ್ತಿರದಲ್ಲೇ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಮನೆಯಲ್ಲಿ ಇಂಥ ತೊಂದರೆ ಇದ್ದು ಯಾರನ್ನು ಕೇಳಬೇಕು ಅಂತ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 2020ರಲ್ಲಿ ಅದು ಇರಲಿಲ್ಲ, 2022ರಲ್ಲಿ ಬಂದದ್ದು.

ಆಯಿ ಹೋದ ವರ್ಷ ತೀರಿಕೊಂಡಳು. ಅವಳು ಇರುವ ತನಕ ಸೂಜಿಯ ದಿನದ ಲೆಕ್ಕ ಅವಳ ಬಾಯಲ್ಲೇ ಇರುತ್ತಿತ್ತು. ಈಗ ಕಾಕಾನೇ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ "ಸೂ" ಅಂತ ಬರೆಯುತ್ತಾನೆ. ಅಮಾವಾಸ್ಯೆಯ ಕಪ್ಪು ಚುಕ್ಕೆ, ಹುಣ್ಣಿಮೆಯ ಬಿಳಿ ಚುಕ್ಕೆ, ನಡುವೆ ಒಂದು ಕೆಂಪು ಸೂ. ಅಂದು ಬೆಳಿಗ್ಗೆ ಜಳಕ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ರಸ್ತೆಗೆ ಬಂದು ನಿಂತಿರುತ್ತಾನೆ. ಸೂಜಿ ಆದ ಮೇಲೆ ಹುಮನಾಬಾದ್ ಬಸ್ ಸ್ಟ್ಯಾಂಡ್ ಎದುರಿಗೆ ಎರಡು ಪ್ಲೇಟ್ ಮಿರ್ಚಿ ಭಜಿ, ಒಂದು ಚಹಾ. ಕೈ ಇನ್ನೂ ನಡುಗುತ್ತದೆ, ಹಾಗಾಗಿ ಚಹಾವನ್ನು ಅರ್ಧ ಕಪ್ಪೇ ಹಾಕಿಸುತ್ತಾನೆ, ಎರಡು ಸಲ.

ಈ ತಿಂಗಳ ಸೂ ಮಂಗಳವಾರ ಬಿದ್ದಿದೆ. ಆ ದಿನವೇ ನನಗೆ ಬೀದರಿನಲ್ಲಿ ಒಂದು ಮೀಟಿಂಗ್ ಇದೆ ಅಂತ ನಿನ್ನೆ ಫೋನ್ ಬಂದಿತ್ತು. ಬರಲಿಕ್ಕಾಗಲ್ಲ ಅಂತ ಹೇಳಿದೆ.